ಐವತ್ತೊಂದನೇ ವಯಸ್ಸಿಗೆ ಚಿಕಾನೊ ಸ್ಟಡೀಸ್ ಓದಬೇಕು ಅಂತಿದ್ದೇನೆ, ಓದಿದವರು ಯಾರಾದರೂ ಇದ್ದೀರಾ?

ಭಾರತಿ (ಸೆಂಟ್ರಲ್ ವ್ಯಾಲಿ) ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಚಿಕಾನೊ ಸ್ಟಡೀಸ್ ಅಂದರೆ ಅಮೆರಿಕದಲ್ಲಿರುವ ಮೆಕ್ಸಿಕೊ ಮೂಲದವರ ಚರಿತ್ರೆ, ಬದುಕು ಓದುವ ವಿಷಯ. ನಾನು ಕ್ಯಾಲಿಫೋರ್ನಿಯಾದಲ್ಲಿ, ಡೆಲಾನೊಗೆ ಅರ್ಧ ಗಂಟೆ ದೂರದ ಒಂದು ಸಣ್ಣ ಊರಿನಲ್ಲಿ ಇಪ್ಪತ್ತೆರಡು ವರ್ಷದಿಂದ ಇದ್ದೇನೆ. ಅದರಲ್ಲಿ ಹದಿನೇಳು ವರ್ಷ ಔಷಧಿ ಅಂಗಡಿಯಲ್ಲಿ ಫಾರ್ಮಸಿ ಟೆಕ್ನಿಷಿಯನ್ ಕೆಲಸ. ಸುತ್ತ ಎಲ್ಲಿ ನೋಡಿದರೂ ದ್ರಾಕ್ಷಿ, ಬಾದಾಮಿ, ಕಿತ್ತಳೆ ತೋಟ. ಕೌಂಟರಿಗೆ ಬರುವವರಲ್ಲಿ ಹೆಚ್ಚಿನವರು ಆ ತೋಟಗಳಲ್ಲಿ ದುಡಿಯುವವರು, ಇಲ್ಲವೇ ದುಡಿದು ಮುದುಕರಾದವರು. "ದಿನಕ್ಕೆ ಎರಡು ಸಲ, ಊಟದ ನಂತರ, ಇದನ್ನು ತಗೊಂಡು ಗಾಡಿ ಓಡಿಸಬೇಡಿ" ಅನ್ನುವಷ್ಟು ಸ್ಪ್ಯಾನಿಷ್ ಕೌಂಟರಿನಲ್ಲೇ ಕಲಿತೆ. ಅದಕ್ಕಿಂತ ಹೆಚ್ಚು ಬರುವುದಿಲ್ಲ.

ಹೋದ ವರ್ಷ ಒಬ್ಬರು ಹಿರಿಯರು ನೋವಿನ ಮಾತ್ರೆಗೆ ಬಂದಿದ್ದರು. ಎಂಬತ್ತು ದಾಟಿದವರು. ಬೆನ್ನು ಎಷ್ಟು ಬಾಗಿತ್ತೆಂದರೆ ಅವರ ಮುಖ ನೋಡಲು ನಾನೇ ಕೌಂಟರಿನ ಮೇಲೆ ಬಗ್ಗಬೇಕಾಯಿತು. ಮೊದಲು ಏನು ಕೆಲಸ ಮಾಡುತ್ತಿದ್ದಿರಿ ಅಂತ ನನಗೆ ಬಂದ ಸ್ಪ್ಯಾನಿಷಿನಲ್ಲಿ ಕೇಳಿದೆ. ಅವರು ಮೊಣಕೈಯಿಂದ ಬೆರಳ ತುದಿಯವರೆಗೆ ಅಳತೆ ತೋರಿಸಿ "ಎಲ್ ಕೊರ್ಟಿಟೊ" ಅಂದರು. ನನಗೆ ತಿಳಿಯಲಿಲ್ಲ. ಯಾರೋ ಗಿಡ್ಡ ಮನುಷ್ಯನ ವಿಷಯ ಹೇಳುತ್ತಿದ್ದಾರೆ ಅಂದುಕೊಂಡೆ.

ಅವರು ಹೋದ ಮೇಲೆ ನನ್ನ ಜೊತೆ ಕೆಲಸ ಮಾಡುವ ಹುಡುಗಿ ಹೇಳಿದಳು. ಅದು ಮೋಟು ಕಾವಿನ ಗುದ್ದಲಿ. ಲೆಟ್ಯೂಸ್, ಬೀಟ್ ಹೊಲಗಳಲ್ಲಿ ಸಸಿ ತೆಳುವು ಮಾಡಲಿಕ್ಕೆ, ಕಳೆ ತೆಗೆಯಲಿಕ್ಕೆ ಕೊಡುತ್ತಿದ್ದದ್ದು. ಕಾವು ಒಂದೆರಡು ಅಡಿಗಿಂತ ಉದ್ದವಿಲ್ಲ, ಹಾಗಾಗಿ ದಿನವಿಡೀ ನಡು ಮುರಿದುಕೊಂಡೇ ಸಾಲು ಸಾಗಬೇಕು. ಉದ್ದ ಕಾವಿನ ಗುದ್ದಲಿ ಇರಲಿಲ್ಲವೆಂದಲ್ಲ. ಮೋಟು ಗುದ್ದಲಿಯಾದರೆ ಯಾರು ಸೆಟೆದು ನಿಂತರು, ಅಂದರೆ ಯಾರು ಸುಧಾರಿಸಿಕೊಳ್ಳುತ್ತಿದ್ದಾರೆ ಎಂಬುದು ಮೇಸ್ತ್ರಿಗೆ ದೂರದಿಂದಲೇ ಕಾಣುತ್ತಿತ್ತು. 1975ರವರೆಗೂ ಕ್ಯಾಲಿಫೋರ್ನಿಯಾದಲ್ಲಿ ಇದು ಕಾನೂನುಬದ್ಧವಾಗಿಯೇ ನಡೆದಿತ್ತಂತೆ. ಅವಳು ಇದನ್ನು ಓದಿದ್ದು ಕಾಲೇಜಿನ ಚಿಕಾನೊ ಸ್ಟಡೀಸ್ ತರಗತಿಯಲ್ಲಿ.

ಆ ರಾತ್ರಿ ನಿದ್ದೆ ಹತ್ತಲಿಲ್ಲ. ಹದಿನೇಳು ವರ್ಷದಿಂದ ಆ ಬೆನ್ನುಗಳಿಗೆ ಮಾತ್ರೆ ಎಣಿಸಿ ಕೊಡುತ್ತಾ ಬಂದಿದ್ದೇನೆ. ಅವು ಹಾಗೆ ಯಾಕಾದವು ಅಂತ ಒಂದು ದಿನವೂ ಕೇಳಿದವಳಲ್ಲ.

ಈಗ ಓದಬೇಕು ಅನ್ನಿಸಿದೆ. ಒಂದೆರಡು ಪುಸ್ತಕ ತಿರುವಿ ಹಾಕಿ ಮುಗಿಸುವ ಹಾಗಲ್ಲ, ಸರಿಯಾಗಿ, ಪರೀಕ್ಷೆ ಬರೆದು. ಮಕ್ಕಳು ಮನೆ ಬಿಟ್ಟು ಹೋಗಿದ್ದಾರೆ. ನಮ್ಮೆಜಮಾನರು ಹೋಗು ಅನ್ನುತ್ತಾರೆ. ಮಗ ಮಾತ್ರ "ಅಮ್ಮಾ, ಅದು ಅವರ ಚರಿತ್ರೆ, ನೀನು ಹೋಗಿ ಕೂತರೆ ಅವರಿಗೇ ಮುಜುಗರ ಆಗಲ್ವಾ" ಅಂದ. ಆ ಮಾತು ಮನಸ್ಸಿನಲ್ಲೇ ಕೂತುಬಿಟ್ಟಿದೆ. ಸ್ಪ್ಯಾನಿಷ್ ಚೆನ್ನಾಗಿ ಬರದೆ ಓದಬಹುದೇ? ಎರಡು ವರ್ಷದ ಕಮ್ಯುನಿಟಿ ಕಾಲೇಜಿನಿಂದ ಶುರು ಮಾಡುವುದೋ, ನೇರ ಯೂನಿವರ್ಸಿಟಿಗೆ ಅರ್ಜಿ ಹಾಕುವುದೋ? ನಿಜಕ್ಕೂ ಅಲ್ಲಿ ಏನು ಕಲಿಸುತ್ತಾರೆ? ಓದಿದವರು ಇದ್ದರೆ ದಯವಿಟ್ಟು ಬಿಡಿಸಿ ಹೇಳಿ.


ವೀಣಾ (ಲಾಸ್ ಏಂಜಲೀಸ್) ಉತ್ತರ:

ಭಾರತಿ ಅಕ್ಕ, ನಾನು ಇದೇ ವಿಷಯದಲ್ಲಿ ಡಿಗ್ರಿ ಮಾಡಿದವಳು, ಈಗ ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಮಾಡುತ್ತೇನೆ. ನಿಮ್ಮ ಪತ್ರ ಎರಡು ಸಲ ಓದಿದೆ.

ಮೊದಲು ನಿಮ್ಮ ಮಗನ ಮಾತಿಗೆ ಬರುತ್ತೇನೆ. ಈ ವಿಷಯ ಯೂನಿವರ್ಸಿಟಿಗಳಿಗೆ ತಾನಾಗಿ ಹೊಳೆದದ್ದಲ್ಲ. 1968ರ ಮಾರ್ಚಿನಲ್ಲಿ ಈಸ್ಟ್ ಲಾಸ್ ಏಂಜಲೀಸಿನ ಹೈಸ್ಕೂಲು ಮಕ್ಕಳು ಸಾವಿರಗಟ್ಟಲೆ ತರಗತಿ ಬಿಟ್ಟು ಬೀದಿಗೆ ಬಂದರು. ಅವರಿಗೆ ಬೆಂಬಲವಾಗಿ ನಿಂತ ಮೇಷ್ಟ್ರು ಸಾಲ್ ಕ್ಯಾಸ್ಟ್ರೊ ಆಮೇಲೆ ಬಂಧನಕ್ಕೂ ಒಳಗಾದರು. ನಮ್ಮ ಜನರ ಚರಿತ್ರೆ ಪಠ್ಯದಲ್ಲಿ ಬರಲಿ, ನಮ್ಮನ್ನು ಬರೀ ಕೈಕೆಲಸದ ತರಗತಿಗಳಿಗೆ ತಳ್ಳಬೇಡಿ ಅನ್ನುವುದು ಆ ಮಕ್ಕಳ ಬೇಡಿಕೆ. ಅದೇ ವರ್ಷದ ನವೆಂಬರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಸ್ಟೇಟ್‌ ಕಾಲೇಜಿನಲ್ಲಿ ಇಂಥದೇ ಬೇಡಿಕೆಗೆ ಮುಷ್ಕರ ಶುರುವಾಯಿತು, 1969ರ ಮಾರ್ಚಿನವರೆಗೆ ನಡೆಯಿತು. ಅಲ್ಲಿ ಕಪ್ಪು ವಿದ್ಯಾರ್ಥಿಗಳು, ಲ್ಯಾಟಿನ್ ಅಮೆರಿಕ ಮೂಲದ ಲ್ಯಾಟಿನೊಗಳು, ಏಷ್ಯನ್ನರು, ಮೂಲನಿವಾಸಿಗಳು ಒಟ್ಟಿಗೇ ನಿಂತಿದ್ದರು. ಏಪ್ರಿಲಿನಲ್ಲಿ ಸಾಂಟಾ ಬಾರ್ಬರಾದಲ್ಲಿ ವಿದ್ಯಾರ್ಥಿಗಳೂ ಅಧ್ಯಾಪಕರೂ ಸೇರಿ ಚಿಕಾನೊ ಸ್ಟಡೀಸ್ ಹೇಗಿರಬೇಕು ಅಂತ ಒಂದು ಯೋಜನೆಯನ್ನೇ ಬರೆದರು. ಹೊಲದಲ್ಲಿ ದುಡಿಯುವವರ ಮಕ್ಕಳು "ನಮ್ಮ ಅಪ್ಪ ಅಮ್ಮನ ಬದುಕೂ ಓದತಕ್ಕ ವಿಷಯ" ಅಂತ ಹಟ ಹಿಡಿದು ಕಟ್ಟಿದ ತರಗತಿ ಅದು. ಆ ಬದುಕನ್ನು ಓದಬೇಕು ಅಂತ ಔಷಧಿ ಕೌಂಟರಿನಿಂದ ಎದ್ದು ಬಂದವರನ್ನು ಕಂಡರೆ ಅಲ್ಲಿ ಯಾರೂ ಮುಜುಗರ ಪಡುವುದಿಲ್ಲ. ನನ್ನ ತರಗತಿಯಲ್ಲಿ ನಾನೊಬ್ಬಳೇ ಇಂಡಿಯನ್. ಮೊದಲ ವಾರ ಎರಡು ಮೂರು ಜನ ಯಾಕೆ ಬಂದೆ ಅಂತ ಕೇಳಿದರು. ನಿಜವಾದ ಕಾರಣ ಹೇಳಿದೆ. ಅಷ್ಟಕ್ಕೇ ಮುಗಿಯಿತು.

ಏನು ಕಲಿಸುತ್ತಾರೆ ಅಂದರೆ, ಸಾಮಾನ್ಯವಾಗಿ 1848ರಿಂದ ಹಿಡಿಯುತ್ತಾರೆ. ಆ ಫೆಬ್ರುವರಿಯ ಗ್ವಾಡಲೂಪೆ ಇಡಾಲ್ಗೊ ಒಪ್ಪಂದದಲ್ಲಿ ಅಮೆರಿಕ ಯುದ್ಧದಲ್ಲಿ ಸೋತ ಮೆಕ್ಸಿಕೊಗೆ 1.5 ಕೋಟಿ ಡಾಲರ್ ಕೊಟ್ಟು, ಇವತ್ತಿನ ಕ್ಯಾಲಿಫೋರ್ನಿಯಾ, ನೆವಾಡಾ, ಯೂಟಾ ಪೂರ್ತಿ, ಅರಿಝೋನಾ ನ್ಯೂ ಮೆಕ್ಸಿಕೊಗಳ ಬಹುಭಾಗ ಎಲ್ಲ ತಗೊಂಡಿತು. ಅಲ್ಲಿದ್ದವರು ಕೂತಲ್ಲೇ ಬೇರೆ ದೇಶದವರಾದರು. ಅವರ ಜಮೀನು ಪತ್ರಗಳಿಗೆ ರಕ್ಷಣೆ ಕೊಡುವ ಹತ್ತನೇ ವಿಧಿಯನ್ನು ಸೆನೆಟ್ ಹೊಡೆದು ಹಾಕಿತು. ಅಲ್ಲಿಂದ ಮುಂದೆ ರೈಲು, ಗಣಿ, ಹೊಲ, ಶಾಲೆ, ಕೋರ್ಟು. ಸಾಹಿತ್ಯ, ಗೋಡೆಚಿತ್ರ, ಸಂಗೀತ, ಹೆಂಗಸರ ಬರವಣಿಗೆ ಬೇರೆ ಬೇರೆ ಕೋರ್ಸು.

ನನಗೆ ಎಲ್ಲಕ್ಕಿಂತ ಆಳಕ್ಕೆ ಇಳಿದದ್ದು ಮೆಂಡೆಸ್ ಕುಟುಂಬದ ಕಥೆ. ಆರೆಂಜ್ ಕೌಂಟಿಯ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಮುನೆಮಿತ್ಸು ಅನ್ನುವ ಜಪಾನಿ ಮನೆತನದ ತೋಟವಿತ್ತು. ಎರಡನೇ ಮಹಾಯುದ್ಧದ ಸಮಯ, ಜಪಾನಿ ಮೂಲದವರೆಂಬ ಕಾರಣಕ್ಕೆ ಅವರನ್ನು ಅರಿಝೋನಾದ ಪೋಸ್ಟನ್ ಬಂಧನ ಶಿಬಿರಕ್ಕೆ ಸಾಗಿಸಿದರು. ತೋಟ ಕೈಬಿಟ್ಟು ಹೋಗದಿರಲಿ ಅಂತ ಮೆಕ್ಸಿಕೊ ಮೂಲದ ಗೊನ್ಸಾಲೊ ಮೆಂಡೆಸ್‌ಗೆ ಗುತ್ತಿಗೆ ಕೊಟ್ಟರು. ಗೊನ್ಸಾಲೊನ ಹೆಂಡತಿ ಫೆಲಿಸಿಟಾಸ್ ಪೋರ್ಟೊ ರಿಕೊದವಳು. ಮಕ್ಕಳನ್ನು ಶಾಲೆಗೆ ಸೇರಿಸಲು ಅವರ ಅತ್ತೆ, ಅಂದರೆ ಗೊನ್ಸಾಲೊನ ಸೋದರಿ, ಕರೆದುಕೊಂಡು ಹೋದಾಗ, ಅತ್ತೆಯ ಮಕ್ಕಳು ಬೆಳ್ಳಗಿದ್ದರು, ವಿಡೌರಿ ಅನ್ನುವ ಮನೆತನದ ಹೆಸರೂ ಬೇರೆ, ಅವರನ್ನು ಸೇರಿಸಿಕೊಂಡರು. ಮೆಂಡೆಸ್ ಮಕ್ಕಳಿಗೆ ನಿಮ್ಮದು ಮೆಕ್ಸಿಕನ್ ಶಾಲೆ, ಅಲ್ಲಿಗೆ ಹೋಗಿ ಅಂದರು. ಅತ್ತೆ ತನ್ನ ಮಕ್ಕಳನ್ನೂ ಕೈ ಹಿಡಿದು ವಾಪಸು ಕರೆತಂದಳು. 1945ರಲ್ಲಿ ಇನ್ನೂ ನಾಲ್ಕು ಕುಟುಂಬಗಳ ಜೊತೆ ದಾವೆ ಹೂಡಿದರು. ಗೊನ್ಸಾಲೊ ಸಾಕ್ಷಿ ಸೇರಿಸುತ್ತಾ ಓಡಾಡುತ್ತಿದ್ದಾಗ ತೋಟ ನಡೆಸಿದವಳು ಫೆಲಿಸಿಟಾಸ್. 1946ರಲ್ಲಿ ಗೆದ್ದರು, 1947ರಲ್ಲಿ ಮೇಲ್ಮನವಿಯಲ್ಲೂ ಗೆದ್ದರು. ಶಾಲೆಗಳಲ್ಲಿ ಕಪ್ಪು ಬಿಳಿ ಭೇದ ಕೂಡದು ಅನ್ನುವ 1954ರ ಸುಪ್ರೀಂ ಕೋರ್ಟ್ ತೀರ್ಪಿಗೆ ಏಳು ವರ್ಷ ಮೊದಲು ಇದು. ಶಿಬಿರದಿಂದ ಮರಳಿದ ಮುನೆಮಿತ್ಸು ಮನೆಯವರಿಗೆ ಅವರ ತೋಟ ಸಿಕ್ಕಿತು. ನನ್ನ ಕ್ಲಾಸಿನಲ್ಲಿ ಇದನ್ನು ಪ್ರತಿ ವರ್ಷ ಹೇಳುತ್ತೇನೆ. ಅತ್ತೆ ತಿರುಗಿ ಬರುವ ಜಾಗದಲ್ಲಿ ಪ್ರತಿ ವರ್ಷವೂ ನನ್ನ ಗಂಟಲು ಕಟ್ಟುತ್ತದೆ.

ಹೆಸರುಗಳ ಬಗ್ಗೆ ಒಂದು ಮಾತು. ಚಿಕಾನೊ ಅನ್ನುವುದು ಒಂದು ಕಾಲಕ್ಕೆ ಬೈಗುಳ, ಅರವತ್ತರ ದಶಕದ ಯುವಕರು ಅದನ್ನೇ ಎದೆಯ ಮೇಲೆ ಹಾಕಿಕೊಂಡರು. "ಲ್ಯಾಟಿನಾ ಮತ್ತು ಲ್ಯಾಟಿನೊ" ಅಂತ ಎರಡನ್ನೂ ಬರೆಯುವುದು ಹೆಂಗಸರು ಗಂಡಸರ ಪದದೊಳಗೆ ಮರೆಯಾಗಬಾರದು ಅಂತ. ಸ್ಪ್ಯಾನಿಷಿನಲ್ಲಿ ಹತ್ತು ಹೆಂಗಸರ ನಡುವೆ ಒಬ್ಬ ಗಂಡಸಿದ್ದರೂ ಬಹುವಚನ ಅವನ ಪಾಲಿಗೇ. ನಮ್ಮ "ಅವರು" ಎಲ್ಲರನ್ನೂ ಹಿಡಿಸಿಕೊಳ್ಳುತ್ತದೆ, ಹಾಗಾಗಿ ಈ ಜಗಳ ಯಾಕೆ ಅಂತ ನನಗೆ ಅರ್ಥವಾಗಲು ಒಂದು ಸೆಮಿಸ್ಟರ್ ಬೇಕಾಯಿತು. ಈಗ ಲ್ಯಾಟಿನೆ, ಲ್ಯಾಟಿನೆಕ್ಸ್ ಅನ್ನುವವರೂ ಇದ್ದಾರೆ. ಎದುರಿಗಿದ್ದವರು ತಮ್ಮನ್ನು ಏನಂತ ಕರೆದುಕೊಳ್ಳುತ್ತಾರೋ ಅದನ್ನೇ ಅನ್ನಿ.

ಅಕ್ಕ, ನೀವು ಇರುವ ಜಾಗವೇ ಒಂದು ಗ್ರಂಥಾಲಯ. ಡೆಲಾನೊದ ದ್ರಾಕ್ಷಿ ಮುಷ್ಕರವನ್ನು 1965ರ ಸೆಪ್ಟೆಂಬರ್ 8ರಂದು ಶುರು ಮಾಡಿದ್ದು ಫಿಲಿಪಿನೊ ಕೂಲಿಗಳು, ಲ್ಯಾರಿ ಇಟ್ಲಿಯಾಂಗ್ ಮುಂದಾಳು. ಎಂಟು ದಿನದ ನಂತರ ಮೆಕ್ಸಿಕನ್ ಕಾರ್ಮಿಕರ ಸಂಘ ಜೊತೆಗೂಡಿತು. ಸಂಘದ ಕಚೇರಿಯಿದ್ದ ಫಾರ್ಟಿ ಏಕರ್ಸ್ ಇವತ್ತಿಗೂ ಇದೆ. ಅಲ್ಲೇ ಅಗ್ಬಯಾನಿ ವಿಲೇಜ್ ಇದೆ, ದುಡಿದು ಮುಪ್ಪಾದ, ಮನೆಮಠವಿಲ್ಲದ ಫಿಲಿಪಿನೊ ಕಾರ್ಮಿಕರಿಗೆ ಅಂತ ಕಟ್ಟಿ 1974ರಲ್ಲಿ ತೆರೆದದ್ದು. ಒಂದು ಭಾನುವಾರ ಹೋಗಿ ಬನ್ನಿ. ಕೌಂಟರಿನಲ್ಲಿ ಕೇಳಿದ ಮಾತುಗಳನ್ನೂ ಇವತ್ತಿನಿಂದಲೇ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ, ತರಗತಿಯಲ್ಲಿ ಚಿನ್ನದಂಥ ವಸ್ತುವಾಗುತ್ತದೆ.


ಸುಮಂತ್ ಉತ್ತರ:

ನಾನು ಕಮ್ಯುನಿಟಿ ಕಾಲೇಜಿನಿಂದ ಟ್ರಾನ್ಸ್‌ಫರ್ ಆದವನು, ಬೇರೆ ವಿಷಯದಲ್ಲಿ. ಮೇಡಂ, ಅಲ್ಲಿಂದಲೇ ಶುರು ಮಾಡಿ. ಕ್ಯಾಲಿಫೋರ್ನಿಯಾ ನಿವಾಸಿಗಳಿಗೆ ಯೂನಿಟ್‌ಗೆ 46 ಡಾಲರ್, ಮೂರು ಯೂನಿಟ್ಟಿನ ಒಂದು ಕೋರ್ಸಿಗೆ 138. ಒಂದೇ ಕೋರ್ಸು ಹಿಡಿದು ನೋಡಬಹುದು. ಯಾವ ಕೋರ್ಸು ಯಾವ ಯೂನಿವರ್ಸಿಟಿಯಲ್ಲಿ ಎಣಿಕೆಗೆ ಬರುತ್ತದೆ ಅನ್ನುವುದು ಅಸಿಸ್ಟ್ ಜಾಲತಾಣದಲ್ಲಿ ಸಿಗುತ್ತದೆ, ಸೇರುವ ಮೊದಲೇ ನೋಡಿಕೊಳ್ಳಿ. 2020ರ ಕಾನೂನಿನ ಪ್ರಕಾರ ಕ್ಯಾಲ್ ಸ್ಟೇಟ್ (ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿ) ಕ್ಯಾಂಪಸ್ಸುಗಳಲ್ಲಿ ಡಿಗ್ರಿ ಬೇಕಾದರೆ ಎಥ್ನಿಕ್ ಸ್ಟಡೀಸಿನ, ಅಂದರೆ ಚಿಕಾನೊ ಸ್ಟಡೀಸಿನಂಥ ಜನಾಂಗ ಅಧ್ಯಯನದ, ಮೂರು ಯೂನಿಟ್ ಕಡ್ಡಾಯ, ಹಾಗಾಗಿ ಈ ತರಗತಿಗಳಲ್ಲಿ ಎಂಜಿನಿಯರಿಂಗ್, ನರ್ಸಿಂಗ್ ಹುಡುಗರೂ ಇರುತ್ತಾರೆ. ನೀವೊಬ್ಬರೇ ಹೊರಗಿನವರು ಅನ್ನುವ ಭಯ ಬೇಡ. ಸೀಟು ಬೇಗ ತುಂಬುತ್ತವೆ.


ನರಹರಿ ಉತ್ತರ:

ತಂಗಿ ಭಾರತಿ, ನಾನು 1971ರಲ್ಲಿ ಇಲ್ಲಿಗೆ ಬಂದವನು. ಎಂಜಿನಿಯರ್, ಈಗ ನಿವೃತ್ತ. ನಿಮ್ಮ ಮಗ "ಅವರ ಚರಿತ್ರೆ" ಅಂದದ್ದಕ್ಕೆ ನನ್ನದೊಂದು ಮಾತಿದೆ.

ನಾವೆಲ್ಲ 1965ರ ವಲಸೆ ಕಾನೂನನ್ನು ಕೊಂಡಾಡುತ್ತೇವೆ. ಅದಕ್ಕೆ ಮೊದಲು ಭಾರತಕ್ಕೆ ಸಿಗುತ್ತಿದ್ದದ್ದು ವರ್ಷಕ್ಕೆ 100 ಜನರ ಕೋಟಾ. ಆ ಕಾನೂನು ಬಂದು ದೇಶವೊಂದಕ್ಕೆ 20,000ದವರೆಗೆ ಅವಕಾಶವಾಯಿತು, ನನ್ನಂಥವರು ಬಂದೆವು. ಐವತ್ತು ವರ್ಷ ಇಷ್ಟೇ ತಿಳಿದಿದ್ದೆ. ಎಪ್ಪತ್ತು ದಾಟಿದ ಮೇಲೆ ಒಂದು ಉಪನ್ಯಾಸದಲ್ಲಿ ಅದೇ ಕಾನೂನಿನ ಇನ್ನೊಂದು ಪುಟ ಕಂಡೆ. ಅಲ್ಲಿಯವರೆಗೆ ಮೆಕ್ಸಿಕೊ ಸೇರಿದಂತೆ ಪಶ್ಚಿಮ ಗೋಳಾರ್ಧದ ದೇಶಗಳಿಗೆ ಸಂಖ್ಯೆಯ ಮಿತಿಯೇ ಇರಲಿಲ್ಲ. ಇದೇ ಕಾನೂನು ಮೊದಲ ಬಾರಿಗೆ ಅವರೆಲ್ಲರಿಗೂ ಸೇರಿಸಿ ವರ್ಷಕ್ಕೆ 1,20,000 ಅಂತ ಗೆರೆ ಎಳೆಯಿತು, ಅದು 1968ರ ಜುಲೈಯಿಂದ ಜಾರಿಗೆ ಬಂತು. ಮೆಕ್ಸಿಕೊದಿಂದ ಕರಾರಿನ ಮೇಲೆ ಕೃಷಿ ಕಾರ್ಮಿಕರನ್ನು ಕರೆಸುತ್ತಿದ್ದ ಬ್ರಸೆರೊ ಯೋಜನೆ 1964ರ ಕೊನೆಗೇ ನಿಂತಿತ್ತು. 1976ರಲ್ಲಿ ಮೆಕ್ಸಿಕೊಗೂ 20,000ದ ಮಿತಿ ಬಂತು. ಹೊಲಗಳಿಗೆ ಆಳು ಬೇಕಾಗಿದ್ದದ್ದು ಹಾಗೇ ಇತ್ತು, ಆಳುಗಳು ಬರುವುದೂ ಹಾಗೇ ಇತ್ತು. ಕಾಗದ ಮಾತ್ರ ಇಲ್ಲವಾಯಿತು. ನಾನು ವೀಸಾ ಹಿಡಿದು ಇಳಿದ ವರ್ಷಗಳಲ್ಲೇ, ಅದೇ ಕಾನೂನಿನಿಂದ, ಅವರು ಅಕ್ರಮಿಗಳಾದರು. ಸಾಲಿನಲ್ಲಿ ನಿಂತು ಬರಬಾರದೇ ಅಂತ ನಾನೂ ಎಷ್ಟೋ ಊಟದ ಮೇಜುಗಳಲ್ಲಿ ಅಂದವನು. ಆ ಮಾತು ನೆನೆದರೆ ಈಗ ನೋವಾಗುತ್ತದೆ.

ಇನ್ನೂ ಹಿಂದೆ ಹೋದರೆ, ಕ್ಯಾಲಿಫೋರ್ನಿಯಾದ ದಕ್ಷಿಣ ತುದಿಯ ಇಂಪೀರಿಯಲ್ ವ್ಯಾಲಿಗೆ ಬಂದ ಪಂಜಾಬಿ ರೈತರು ಮೆಕ್ಸಿಕನ್ ಹೆಂಗಸರನ್ನೇ ಮದುವೆಯಾದರು. ಊರಿನಿಂದ ಹೆಂಡತಿಯನ್ನು ಕರೆಸಲು ಕಾನೂನು ಬಿಡುತ್ತಿರಲಿಲ್ಲ, 1913ರ ಕಾಯ್ದೆಯಿಂದ ಜಮೀನು ಕೊಳ್ಳುವುದಕ್ಕೂ ತೊಡಕು, 1923ರಲ್ಲಿ ಭಗತ್ ಸಿಂಗ್ ಥಿಂಡ್ ಅನ್ನುವ ಸಿಖ್ಖರೊಬ್ಬರ ಮೊಕದ್ದಮೆಯಲ್ಲಿ ಪೌರತ್ವವೂ ಹೋಯಿತು. ಅವರ ಮಕ್ಕಳಿಗೆ ಸ್ಪ್ಯಾನಿಷ್ ಹೆಸರು, ಕೊನೆಗೆ ಸಿಂಗ್. ತಂಗಿ, ನೀವು ಹೋಗಿ ಕೂರಬೇಕಾದ ತರಗತಿಯೇ ಅದು. ನನಗೆ ಕಾಲಿನ ತೊಂದರೆ, ಇಲ್ಲದಿದ್ದರೆ ನಾನೂ ಸೇರುತ್ತಿದ್ದೆ.


ಅನಘಾ (ನ್ಯೂಯಾರ್ಕ್) ಉತ್ತರ:

ನಾನು ಪಿಎಚ್‌ಡಿ ವಿದ್ಯಾರ್ಥಿನಿ. ವೀಣಾ ಅವರ ಉತ್ತರ ತುಂಬ ಹಿಡಿಸಿತು, ಆದರೆ ಕೊನೆಯ ಸಲಹೆಯನ್ನು ನಾನು ಒಪ್ಪುವುದಿಲ್ಲ. ಭಾರತಿ ಅವರೇ, ಕೌಂಟರಿನಲ್ಲಿ ಕೇಳಿದ್ದನ್ನು ದಯವಿಟ್ಟು ಬರೆದಿಡಬೇಡಿ. ಔಷಧಿಗೆ ಬಂದವರು ನಿಮಗೆ ಹೇಳುವುದು ರೋಗಿಯಾಗಿ. ಅದನ್ನು ಕಾಪಾಡುವುದು ಕಾನೂನಿನ ಕಟ್ಟಳೆ ಮಾತ್ರವಲ್ಲ. ಈ ಜನರ ಮಾತನ್ನು ಅನುಮತಿ ಕೇಳದೆ ಕೊಂಡೊಯ್ದು ಡಿಗ್ರಿ ಪಡೆದವರು ಬಹಳ ಮಂದಿ ಆಗಿಹೋಗಿದ್ದಾರೆ, ಈ ಅಧ್ಯಯನ ಹುಟ್ಟಿದ್ದೇ ಅದರ ವಿರುದ್ಧ. ಬಾಯಿಮಾತಿನ ಚರಿತ್ರೆ ಸಂಗ್ರಹಿಸುವ ಕ್ರಮವನ್ನು ಕೋರ್ಸಿನಲ್ಲಿ ಕಲಿಸುತ್ತಾರೆ. ಅನುಮತಿ ಬರೆಸಿಕೊಳ್ಳುವುದು, ಬೇಡವೆಂದ ಭಾಗ ತೆಗೆಯುವುದು, ಧ್ವನಿಮುದ್ರಣದ ಒಂದು ಪ್ರತಿಯನ್ನು ಹೇಳಿದವರಿಗೇ ಕೊಡುವುದು. ಅಂಗಡಿಯ ಹೊರಗೆ, ನಿಮ್ಮ ಗ್ರಾಹಕರಲ್ಲದವರಿಂದ ಶುರು ಮಾಡಿ.

ಇನ್ನೊಂದು ವಿಷಯ, ಲ್ಯಾಟಿನೊ ಅಂದರೆ ಮೆಕ್ಸಿಕೊ ಅಷ್ಟೇ ಅಂದುಕೊಳ್ಳಬೇಡಿ. ಕ್ಯಾಲಿಫೋರ್ನಿಯಾದಲ್ಲಿದ್ದರೆ ಹಾಗನ್ನಿಸುವುದು ಸಹಜ. 1973ರಲ್ಲಿ ಶುರುವಾದ ಪೋರ್ಟೊ ರಿಕೊ ಅಧ್ಯಯನ ಕೇಂದ್ರ ಈಗ ಇಲ್ಲಿ ಹಂಟರ್ ಕಾಲೇಜಿನಲ್ಲಿದೆ, ಎಲ್ಲರೂ ಸೆಂಟ್ರೊ ಅನ್ನುತ್ತೇವೆ. ಪೋರ್ಟೊ ರಿಕೊ 1898ರ ಯುದ್ಧದಲ್ಲಿ ಅಮೆರಿಕದ ಕೈಗೆ ಬಂತು, 1917ರಲ್ಲಿ ಅಲ್ಲಿಯವರಿಗೆ ಪೌರತ್ವ ಬಂತು, ಇವತ್ತಿಗೂ ದ್ವೀಪದಲ್ಲಿ ಇರುವವರೆಗೆ ಅಧ್ಯಕ್ಷರ ಚುನಾವಣೆಯಲ್ಲಿ ಮತವಿಲ್ಲ. ಅವರದು ವಲಸೆಯ ಕಥೆಯೇ ಅಲ್ಲ. ಎಲ್ ಸಾಲ್ವಡೋರಿನವರು 1980ರಿಂದ 1992ರವರೆಗಿನ ಅಂತರ್ಯುದ್ಧ ತಪ್ಪಿಸಿಕೊಂಡು ಬಂದವರು, ಅದು ಮತ್ತೊಂದು. ನಿಮ್ಮ ವ್ಯಾಲಿಯಲ್ಲೇ ದಕ್ಷಿಣ ಮೆಕ್ಸಿಕೊದ ಒಹಾಕಾದಿಂದ ಬಂದ ಮಿಶ್ಟೆಕ್ ಮೂಲನಿವಾಸಿ ಜನರಿದ್ದಾರೆ, ಅವರಲ್ಲಿ ಎಷ್ಟೋ ಜನರಿಗೆ ಸ್ಪ್ಯಾನಿಷ್ ಎರಡನೇ ಭಾಷೆ, ಕೆಲವರಿಗೆ ಬರುವುದೇ ಇಲ್ಲ.

ಸ್ಪ್ಯಾನಿಷ್ ಇಲ್ಲದೆ ಡಿಗ್ರಿ ಮಾಡಬಹುದು, ಪಾಠ ಇಂಗ್ಲಿಷಿನಲ್ಲೇ. ಆದರೆ ಕಲಿಯಿರಿ. ಸೇರುವಾಗ ನೋಡಿಕೊಳ್ಳಿ, ಮನೆಯಲ್ಲಿ ಸ್ಪ್ಯಾನಿಷ್ ಕೇಳಿ ಬೆಳೆದವರಿಗೆ ಬೇರೆ ತರಗತಿ, ನಮ್ಮಂಥವರಿಗೆ ಬೇರೆ.


ವೀಣಾ:

ಅನಘಾ ಹೇಳಿದ್ದು ಸರಿ. ನೋಟ್‌ಬುಕ್ಕಿನ ಮಾತು ಯೋಚಿಸದೆ ಬರೆದೆ, ವಾಪಸು ತಗೊಳ್ಳುತ್ತೇನೆ.


ಭಾರತಿ (ಮೂರು ತಿಂಗಳ ನಂತರ):

ಎಲ್ಲರಿಗೂ ಮೊದಲೇ ಬರೆಯಬೇಕಿತ್ತು. ಸೇರಿಕೊಂಡೆ. ಮಂಗಳವಾರ ಸಂಜೆ ಒಂದೇ ತರಗತಿ, 138 ಡಾಲರ್. ಮೂವತ್ತು ಜನರಲ್ಲಿ ವಯಸ್ಸಿನಲ್ಲಿ ನಾನು ಎರಡನೆಯವಳು, ನನಗಿಂತ ಹಿರಿಯರು ಒಬ್ಬರು ಹಣ್ಣು ಪ್ಯಾಕಿಂಗ್ ಶೆಡ್ಡಿನಿಂದ ನಿವೃತ್ತರಾದವರು. ಮೊದಲ ದಿನ ಯಾಕೆ ಬಂದಿರಿ ಅಂತ ಕೇಳಿದಾಗ ಗುದ್ದಲಿಯ ವಿಷಯ ಬಂತು, ಯಾರು ಹೇಳಿದ್ದು ಅನ್ನುವುದು ಬಿಟ್ಟು. ಆ ಹಿರಿಯರು ಏನೂ ಅನ್ನದೆ ಪಕ್ಕದ ಕುರ್ಚಿಯ ಮೇಲಿದ್ದ ತಮ್ಮ ಚೀಲ ತೆಗೆದು ನನಗೆ ಜಾಗ ಮಾಡಿಕೊಟ್ಟರು. ಈಗ ಪ್ರತಿ ವಾರ ಅಲ್ಲೇ ಕೂರುತ್ತೇನೆ.

ಗುದ್ದಲಿ ಹೇಗೆ ಹೋಯಿತು ಅಂತ ಈಗ ಗೊತ್ತಾಯಿತು. ಮಾರಿಸ್ ಜೋರ್ಡೇನ್ ಅನ್ನುವ ವಕೀಲರು ಕಾರ್ಮಿಕರ ಪರವಾಗಿ ಹಿಡಿದ ಮೊಕದ್ದಮೆ. ಬೆನ್ನುಮೂಳೆಗೆ ಏನಾಗುತ್ತದೆ ಅಂತ ಡಾಕ್ಟರುಗಳು ಸಾಕ್ಷಿ ಹೇಳಿದರೂ ರಾಜ್ಯದ ಸುರಕ್ಷತಾ ವಿಭಾಗ ಮೊದಲು ಅರ್ಜಿ ತಳ್ಳಿಹಾಕಿತು. ಉಪಕರಣ ಮುರುಕಲಾಗಿದ್ದರೆ ಮಾತ್ರ ಅಪಾಯಕಾರಿ, ಬಳಸುವ ರೀತಿಯಿಂದ ಆಗುವ ಅಪಾಯ ಲೆಕ್ಕಕ್ಕಿಲ್ಲ ಅನ್ನುವುದು ಅವರ ವಾದದ ತಾತ್ಪರ್ಯ. 1975ರ ಜನವರಿಯಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಆ ಅರ್ಥ ತೀರಾ ಸಂಕುಚಿತ ಅಂತು. ಗುದ್ದಲಿ ಗಟ್ಟಿಯಾಗಿತ್ತು, ಮುರಿಯುತ್ತಿದ್ದದ್ದು ಮನುಷ್ಯರು. ಇದನ್ನು ಓದಿದ ದಿನ ನಮ್ಮೆಜಮಾನರಿಗೆ ಪೂರ್ತಿ ಓದಿ ಹೇಳಿದೆ.

ಬ್ರಸೆರೊಗಳ ವಿಷಯವೂ ಬಂತು. 1942ರಿಂದ ಕೆಲವು ವರ್ಷ ಅವರ ಕೂಲಿಯಲ್ಲಿ ನೂರಕ್ಕೆ ಹತ್ತು ಹಿಡಿದು ಮೆಕ್ಸಿಕೊದ ಬ್ಯಾಂಕುಗಳಿಗೆ ಉಳಿತಾಯ ಅಂತ ಕಳಿಸಿದ್ದರಂತೆ. ಬಹಳ ಜನರಿಗೆ ಅದು ಕೈಗೆ ಬರಲೇ ಇಲ್ಲ. 2008ರಲ್ಲಿ ಕೋರ್ಟಿನಲ್ಲಿ ರಾಜಿಯಾಗಿ, ಕಾಗದ ತೋರಿಸಿದವರಿಗೆ ಸುಮಾರು 3,500 ಡಾಲರ್ ಸಿಗುವಂತಾಯಿತು. ಆ ಹೊತ್ತಿಗೆ ಎಷ್ಟು ಜನ ಉಳಿದಿದ್ದರೋ.

ಅನಘಾ, ನಿಮ್ಮ ಮಾತು ಪಾಲಿಸಿದೆ. ಕೊನೆಯ ಅಸೈನ್‌ಮೆಂಟಿಗೆ ನನ್ನ ಸಹೋದ್ಯೋಗಿ ಹುಡುಗಿಯ ಅಜ್ಜಿಯ ಜೊತೆ ಮಾತಾಡಿದೆ, ಅವರ ಮನೆಯಲ್ಲೇ, ಸಹಿ ಮಾಡಿಸಿಕೊಂಡು. ಮೊಮ್ಮಗಳು ನಡುವೆ ಕೂತು ಭಾಷಾಂತರ ಮಾಡಿದಳು. ಐವತ್ತೆರಡು ನಿಮಿಷದ ಮುದ್ರಣ. ಅದರ ಒಂದು ಪ್ರತಿಯನ್ನು ಪೆನ್ ಡ್ರೈವಿನಲ್ಲಿ ಹಾಕಿ ಕೊಟ್ಟೆ, ಅಜ್ಜಿ ಅದನ್ನು ಫೋಟೋಗಳ ಪೆಟ್ಟಿಗೆಯಲ್ಲಿ ಇಟ್ಟುಕೊಂಡರು. ಮೂವತ್ತೊಂದನೇ ನಿಮಿಷದಲ್ಲಿ ಅಜ್ಜಿ ಮೊಮ್ಮಗಳ ಕಡೆ ತಿರುಗದೆ ನೇರ ನನ್ನನ್ನೇ ನೋಡಿ ಒಂದು ನಿಮಿಷದಷ್ಟು ಬೇಗ ಬೇಗ ಏನೋ ಹೇಳಿದ್ದಾರೆ. ಹುಡುಗಿ ಅದನ್ನು ಇಂಗ್ಲಿಷಿಗೆ ಮಾಡಲಿಲ್ಲ, "ಇದನ್ನು ನೀವೇ ಕೇಳಿಸಿಕೊಳ್ಳಬೇಕು" ಅಂದಳು. ಹತ್ತು ಸಲ ಹಾಕಿ ಕೇಳಿದ್ದೇನೆ. ಕೈ, ಅಮ್ಮ, ನೀರು, ಇಷ್ಟು ಪದ ಸಿಗುತ್ತವೆ.

ಮುಂದಿನ ಸೆಮಿಸ್ಟರಿಗೆ ಚರಿತ್ರೆಯ ಎರಡನೇ ಭಾಗವೂ ಸ್ಪ್ಯಾನಿಷ್ ಮೊದಲನೇ ಭಾಗವೂ ಒಂದೇ ಮಂಗಳವಾರ, ಒಂದೇ ಹೊತ್ತಿಗೆ ಇವೆ. ಸ್ಪ್ಯಾನಿಷಿಗೆ ಹೆಸರು ಕೊಟ್ಟಿದ್ದೇನೆ.